ಹುಳುಮನೆಯ ನೀಲಿ ಸುಣ್ಣ

"ನಮ್ಮಣ್ಣ ಅಮ್ಮನ್ನ ಕೊಂದ್ನೋ ಇಲ್ವೋ, ಅದೊಂದು ಹೇಳ್ಬಿಡಿ ಮೇಡಂ. ಮಿಕ್ಕಿದ್ದು ಏನೂ ಬೇಡ ನಂಗೆ."

ಕಲ್ಯಾಣಿ ಬಾಗಿಲಿಗೆ ಅಡ್ಡ ನಿಂತಿದ್ದಳು. ಬೆಳಿಗ್ಗೆಯಿಂದ ಇದೊಂದೇ ಪ್ರಶ್ನೆ. ಸ್ಟೇಷನ್ ಮುಂದೆ ಕೇಳಿದ್ದಳು, ಹೆಣ ಇಟ್ಟಿದ್ದ ಆಸ್ಪತ್ರೆ ಮುಂದೆ ಕೇಳಿದ್ದಳು, ಈಗ ಅವರ ಮನೆ ಹೊಸ್ತಿಲ ಮೇಲೆ ಮತ್ತೆ ಕೇಳ್ತಿದ್ದಳು.

"ಗೊತ್ತಿದ್ರೆ ತಾನೇ ಹೇಳೋಕೆ? ದಾರಿ ಬಿಡಮ್ಮಾ" ಅಂದೆ. ಒರಟಾಗೇ ಅಂದೆ. ಕಾನ್‌ಸ್ಟೇಬಲ್ ಆಗಿ ಸೇರಿದಾಗಿನಿಂದ ಇನ್ಸ್‌ಪೆಕ್ಟರ್ ಆಗೋವರೆಗೂ ಈ ಕದಿರಮ್ಮನ ಬಾಯಿ ಮೆತ್ತಗಾಗಿದ್ದನ್ನ ಯಾರೂ ಕಂಡಿಲ್ಲ. ಆದ್ರೆ ಆ ಹುಡುಗಿಯ ಮುಖ ನೋಡಿದ ಮೇಲೆ ನನಗೇ ಬೇಜಾರಾಯ್ತು. ಅತ್ತೂ ಅತ್ತೂ ಕಣ್ಣು ಊದಿ ಸೀಳಿನಂಗಾಗಿತ್ತು.

ಹಿಂದಿನ ದಿನ ಶಿಡ್ಲಘಟ್ಟದ ಇದೇ ಮನೆಯಲ್ಲಿ ಅವಳ ತಾಯಿ ಆದಿಲಕ್ಷ್ಮಮ್ಮ ಸತ್ತು ಬಿದ್ದಿದ್ದರು. ತೋಳಿನಲ್ಲಿ ಸೂಜಿ ಚುಚ್ಚಿದ ಗುರುತು, ಮಂಚದ ಕೆಳಗೆ ಬೆರಳುದ್ದದ ಗಾಜಿನ ಸೀಸೆ. ಆ ಸೀಸೆಯನ್ನ ಪೆರೇಸಂದ್ರದ ಲ್ಯಾಬಿನಿಂದ ಕದ್ದು ತಂದಿದ್ದವನು ಅಲ್ಲೇ ಕೆಲಸ ಮಾಡ್ತಿದ್ದ ಮಗ ವೇಣು. ಈಗ ನಮ್ಮ ಲಾಕಪ್ಪಿನಲ್ಲಿದ್ದ.

"ತಂದಿದ್ದು ನಾನೇ ಮೇಡಂ. ಚುಚ್ಚಿದ್ದು ನಾನಲ್ಲ." ಇಷ್ಟು ಬಿಟ್ಟು ಅವನ ಬಾಯಿಂದ ಬೇರೆ ಮಾತೇ ಹೊರಡಿಸೋಕೆ ಆಗಿರಲಿಲ್ಲ. ನಿನ್ನೆ ರಜಾ ಹಾಕಿದ್ದನಂತೆ. ಸೀಸೆ ಮನೆಯ ಫ್ರಿಜ್ಜಲ್ಲಿಟ್ಟು, ಆ ಔಷಧಿ ಅಮ್ಮನಿಗೆ ಕೊಡಬಹುದಾ ಅಂತ ಚಿಂತಾಮಣಿಯ ಡಾಕ್ಟರನ್ನ ಕೇಳೋಕೆ ಹೋದನಂತೆ. ಡಾಕ್ಟರು ಸಿಗಲಿಲ್ಲವಂತೆ. ಅಂಬಾಜಿದುರ್ಗದ ಕಡೆ ಹೋಗಿ ಬಂಡೆ ಮೇಲೆ ಸುಮ್ಮನೆ ಕೂತಿದ್ದನಂತೆ. ಕೂತಿದ್ದಕ್ಕೆ ಬಂಡೆಯೇ ಸಾಕ್ಷಿ. ಇಂಥ ಸಾಕ್ಷಿ ಇಟ್ಕೊಂಡು ಕೋರ್ಟಿಗೆ ಹೋದ್ರೆ ಜಡ್ಜು ನಗ್ತಾರೆ.

ಮನೆಯೊಳಗೆ ಹೋದೆ. ಫ್ರಿಜ್ಜು, ಮಂಚ, ಗೋಡೆಗೆ ಆದಿಲಕ್ಷ್ಮಮ್ಮನ ಗಂಡ ಬಯ್ಯಪ್ಪನ ಫೋಟೋ. ಅವರು ಮಕ್ಕಳು ಚಿಕ್ಕವರಿದ್ದಾಗಲೇ ಹೋಗಿದ್ದರು. ಮಂಚದ ಪಕ್ಕದ ಸ್ಟೂಲಿನ ಮೇಲೆ ಉಸಿರಿಗೆ ಎಳ್ಕೊಳ್ಳೋ ಪಂಪು ಇತ್ತು.

"ಉಬ್ಬಸ ಇತ್ತಾ?" ಅಂತ ಕೇಳಿದೆ.

ಉತ್ತರ ಕೊಟ್ಟಿದ್ದು ಪಕ್ಕದ ಮನೆಯ ಲಕ್ಷ್ಮಿದೇವಮ್ಮ. ಕರೀದೇ ಒಳಗೆ ಬಂದು ಕಂಬಕ್ಕೊರಗಿ ನಿಂತಿದ್ದರು. "ಏಂ ಚೆಪ್ಪಾಲಮ್ಮಾ, ಏನಂತ ಹೇಳ್ಲಿ! ನಾವಿಬ್ರೂ ಒಂದೇ ಫಿಲೇಚರಲ್ಲಿ ಗೂಡು ಬೇಯ್ಸಿ ನೂಲು ತೆಗೀತಿದ್ವಿ. ನಂಗೇನೂ ಆಗ್ಲಿಲ್ಲ, ಆಯಮ್ಮಂಗೆ ಎದೆ ಹಿಡ್ಕೊಂತು. ಗೂಡು ಮುಟ್ಟಿದ್ರೆ ಮೈಯೆಲ್ಲ ದದ್ದು, ವಾಸ್ನೆ ಬಿದ್ರೆ ಉಬ್ಬಸ. ಡಾಕ್ಟ್ರು ಖಂಡಿತವಾಗಿ ಹೇಳ್ಬಿಟ್ರು, ನಿಂಗೆ ರೇಷ್ಮೆ ಹುಳಾನೇ ವಿಷ, ಅದರ ದಿಕ್ಕಿಗೂ ಹೋಗ್ಬೇಡ ಅಂತ."

"ಬಿಟ್ಟ ಮೇಲೆ ವಾಸಿ ಆಯ್ತಾ?"

"ಚೆನ್ನಾಗೇ ಇದ್ಲಮ್ಮಾ. ಕೀಲುನೋವೊಂದು ಬಿಟ್ರೆ ಕಲ್ಲುಗುಂಡಿನಂಗಿದ್ಲು. ಈಗ ಕೆಲವು ತಿಂಗಳಿಂದ ಮತ್ತೆ ಶುರುವಾಗಿತ್ತು ನೋಡಿ, ಅದೂ ಸಾಯಂಕಾಲ. ಮಕ್ಕಳು ಕೆಲ್ಸದಿಂದ ಮನೆಗೆ ಬರೋ ಹೊತ್ಗೆ ಸರಿಯಾಗಿ ಎದೆ ಸುಯ್ ಅನ್ನೋದು."

ಕಲ್ಯಾಣಿ ತಲೆ ತಗ್ಗಿಸಿದಳು. "ನಮ್ಮ ಗಾರ್ಮೆಂಟ್ಸಲ್ಲಿ ಬಟ್ಟೆ ಧೂಳು ಜಾಸ್ತಿ ಮೇಡಂ. ಅದಕ್ಕೇ ಇರ್ಬೇಕು ಅಂತ ನಾನು ಬಂದ ತಕ್ಷಣ ಸ್ನಾನ ಮಾಡ್ತಿದ್ದೆ. ಸ್ನಾನ ಆಗೋವರ್ಗೂ ಅಮ್ಮನ್ನ ಮುಟ್ತಿರ್ಲಿಲ್ಲ."

ಅವಳು ಚಿಕ್ಕಬಳ್ಳಾಪುರದ ಗಾರ್ಮೆಂಟ್ಸ್ ಒಂದರಲ್ಲಿ ಹೊಲಿಗೆ ಕೆಲಸಕ್ಕಿದ್ದಳು. ಹಿಂದಿನ ದಿನ ಸಾಯಂಕಾಲ ಕೆಲಸದಿಂದ ಬಂದವಳೇ ತಾಯಿಯನ್ನ ನೋಡಿ ಕೂಗಿಕೊಂಡಿದ್ದು.

"ವೇಣು ಅಮ್ಮನ ಜೊತೆ ಜಗಳ ಆಡ್ತಿದ್ನಾ?"

ಲಕ್ಷ್ಮಿದೇವಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. "ಸುಳ್ಳು ಹೇಳಬಾರ್ದು. ಮೊನ್ನೆ ಕೂಗಾಡ್ದ. 'ಸಾಕಾಗೋಗಿದೆ ನಂಗೆ' ಅಂದ. ಆಯಮ್ಮನ ಬೆರಳು ಸೊಟ್ಟಗಾಗಿ ಲೋಟ ಹಿಡಿಯೋಕೂ ಆಗ್ತಿರ್ಲಿಲ್ಲ. ರಾತ್ರಿಯೆಲ್ಲ ನರಳೋಳು. ಕೇಳೀ ಕೇಳೀ ಆ ಹುಡುಗನ್ಗೂ ತಲೆ ಕೆಟ್ಟಿರುತ್ತೆ, ಬಿಡಿ."

ಅಷ್ಟರಲ್ಲಿ ಫೋನ್ ಬಂತು. ಪೋಸ್ಟ್‌ಮಾರ್ಟಂ ಮಾಡಿದ ಡಾಕ್ಟರ್ ಹರಿತಾ. ನಾನು ಅಂಗಳಕ್ಕೆ ಬಂದು ನಿಂತೆ.

"ವಿಷ ಏನೂ ಕಾಣ್ತಿಲ್ಲ ಮೇಡಂ. ಗಂಟಲು ಊದ್ಕೊಂಡು ಉಸಿರು ಕಟ್ಟಿದೆ. ಮೈಗಾಗದೇ ಇರೋದೇನೋ ನೇರವಾಗಿ ಒಳಗೆ ಹೋಗಿದೆ. ಅಲರ್ಜಿ. ಒದ್ದಾಡೋಕೂ ಹೆಚ್ಚು ಹೊತ್ತು ಸಿಕ್ಕಿರಲ್ಲ."

"ಆ ಸೀಸೆಯಲ್ಲಿದ್ದದ್ದೇ ಮೈಗಾಗ್ಲಿಲ್ವಾ?"

"ಅದೇ ನಂಗೂ ಅರ್ಥ ಆಗ್ತಿಲ್ಲ. ಲೇಬಲ್ ನೋಡಿದೆ. ಮನುಷ್ಯನ ಪ್ರೋಟೀನು, ಮನುಷ್ಯನ ಜೀವಕೋಶದಲ್ಲೇ ತಯಾರು ಮಾಡಿದ್ದು ಅಂತಿದೆ. ಅದು ಮೊದಲ ಸಲಕ್ಕೇ ಹೀಗೆ ಗಂಟಲು ಹಿಸುಕಲ್ಲ. ಇನ್ನೊಂದು ಮಾತು. ಚುಚ್ಚಿದ ಕೈ ಚೆನ್ನಾಗಿ ಪಳಗಿದ್ದು. ಸಣ್ಣ ಸೂಜಿ, ಒಂದೇ ಸಲಕ್ಕೆ ಹೋಗಿದೆ. ಚರ್ಮ ಕೂಡ ಕಂದಿಲ್ಲ."

ಫೋನ್ ಇಟ್ಟೆ, ಮತ್ತೆ ಬಂತು. ಈ ಸಲ ನಮ್ಮ ಸಾಹೇಬರು ಮುರಳಿಮೋಹನ್. ಬಂದೋಬಸ್ತಿಗೆ ಗೌರಿಬಿದನೂರಿಗೆ ಹೋಗಿದ್ದವರು ಅಲ್ಲಿಂದಲೇ ಗುಡುಗಿದರು.

"ಕದಿರಮ್ಮ, ಸಾಯಂಕಾಲ ಆ ಹುಡುಗನ್ನ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸ್ಬೇಕು. ಕೊಲೆ ಅಂತ ಬರೀರಿ, ಮುಗೀತು."

"ಸಾರ್, ಅವ್ನು ತಾಯಿಗೆ ವಾಸಿಯಾಗ್ಲಿ ಅಂತ ತಂದಿದ್ದು."

"ತಂದ, ಚುಚ್ದ, ಸತ್ಲು."

"ಸಾಯ್ತಾಳೆ ಅಂತ ಗೊತ್ತಿದ್ದು ಚುಚ್ಚಿದ್ರೆ ಕೊಲೆ ಸಾರ್. ಗೊತ್ತಿಲ್ದೆ ಚುಚ್ಚಿದ್ರೆ ಅದು ಬೇರೆ."

"ಸರಿ ಕಣಮ್ಮಾ. ಗೊತ್ತಿತ್ತೋ ಇಲ್ವೋ ಅನ್ನೋದಕ್ಕೆ ಸಾಯಂಕಾಲದೊಳಗೆ ಏನಾದ್ರೂ ತಗೊಂಬನ್ನಿ. ಬರೀ ಮಾತು ಬೇಡ."

ಜೀಪು ಹತ್ತುವಾಗ ಕಲ್ಯಾಣಿ ಬರಿಗಾಲಲ್ಲೇ ಓಡಿ ಬಂದು ಕಂಬಿ ಹಿಡಿದುಕೊಂಡಳು. "ನಂಗೆ ಇನ್ಯಾರಿದಾರೆ ಮೇಡಂ? ಅಮ್ಮ ಹೋದ್ಲು. ಅಣ್ಣಾನೂ ಜೈಲಿಗೆ ಹೋದ್ರೆ..."

"ಅವ್ನು ಕೊಂದಿಲ್ಲ ಅಂದ್ರೆ ಹೋಗಲ್ಲ" ಅಂದೆ. ಈ ಸಲ ಸ್ವಲ್ಪ ಮೆತ್ತಗೇ ಅಂದೆ.

*

ಚಿಕ್ಕಬಳ್ಳಾಪುರ ದಾಟಿ ಹೈವೇ ಹಿಡಿದಾಗ ಕಾನ್‌ಸ್ಟೇಬಲ್ ನಲ್ಲಪ್ಪ ನನ್ನ ಕಾಲಿನ ಕಡೆ ನೋಡಿದ. ಪಾದದಲ್ಲಿ ಆಣಿ ಆಗಿ ಬೂಟು ಹಾಕೋಕಾಗದೆ ನಾನು ವಾರದಿಂದ ರಬ್ಬರ್ ಚಪ್ಪಲಿಯಲ್ಲೇ ಡ್ಯೂಟಿ ಮಾಡ್ತಿದ್ದೆ.

"ಸಾಹೇಬ್ರು ನೋಡಿದ್ರೆ ಬೈತಾರೆ ಮೇಡಂ."

"ಸಾಹೇಬ್ರಿಗೆ ಆಣಿ ಆಗ್ಲಿ, ಆಮೇಲೆ ಮಾತಾಡಣ. ಆ ಹುಡುಗೀ ಗಾರ್ಮೆಂಟ್ಸಿಗೆ ಫೋನ್ ಮಾಡ್ದೇನಯ್ಯಾ?"

"ಮಾಡ್ದೆ. ಯಾರೂ ಎತ್ತುತ್ತಿಲ್ಲ. ಮತ್ತೆ ಮಾಡ್ತೀನಿ."

ಲ್ಯಾಬು ಪೆರೇಸಂದ್ರದಿಂದ ಒಳಗೆ, ದ್ರಾಕ್ಷಿ ತೋಟದ ಪಕ್ಕದಲ್ಲಿತ್ತು. ಮುಂದೆ ಗಾಜಿನ ಕಟ್ಟಡ, ಹಿಂದೆ ಎತ್ತರದ ಗೋಡೆ. ಮಾಲೀಕ ಮೋಹನ್‌ಬಾಬು ತಾನೇ ಬಾಗಿಲಿಗೆ ಬಂದ. ನಲವತ್ತರ ಆಸುಪಾಸು, ಇಸ್ತ್ರಿ ಮುರೀದ ಷರ್ಟು. ಅದೇ ಸೀಮೆಯ ಜಮೀನುದಾರರ ಮನೆಯವನು, ಹೊರದೇಶದಲ್ಲಿ ಓದಿ ಬಂದವನು ಅಂತ ಕೇಳಿದ್ದೆ.

ತಣ್ಣನೆಯ ರೂಮಿನಲ್ಲಿ ಕೂರಿಸಿ ಕಾಫಿ ತರಿಸಿದ. ನಾನು ಸೀಸೆಯ ಫೋಟೋ ಮುಂದಿಟ್ಟೆ. "ಇದರಲ್ಲಿ ಏನಿತ್ತು? ನಂಗೆ ಅರ್ಥ ಆಗೋ ಹಂಗೆ ಹೇಳಿ."

"ನಮ್ಮ ರಕ್ತದಲ್ಲಿ ಕಾವಲು ಕಾಯೋ ಜೀವಕೋಶಗಳಿರ್ತವೆ ಮೇಡಂ. ರೋಗ ಬಂದ್ರೆ ಅದರ ಮೇಲೆ ಬೀಳ್ತವೆ. ಸಾಕು ನಿಲ್ಲು ಅನ್ನೋಕೆ ಆ ಜೀವಕೋಶದ ಪೊರೆ ಮೇಲೇ ಒಂದು ಪ್ರೋಟೀನ್ ಇರುತ್ತೆ. ಬ್ರೇಕ್ ಇದ್ದಂಗೆ. ಸಿಟಿಎಲ್‌ಎ-ಫೋರ್ ಅಂತ ಹೆಸರು. ಅದರ ಹೊರಭಾಗದ ತುಂಡನ್ನ ನಾವು ಲ್ಯಾಬಲ್ಲಿ ತಯಾರು ಮಾಡಿ, ಪುಡಿ ಮಾಡಿ, ಸೀಸೆಗೆ ತುಂಬಿ ಸಂಶೋಧನೆ ಮಾಡೋರಿಗೆ ಕಳಿಸ್ತೀವಿ."

"ಸಂಧಿವಾತಕ್ಕೆ ಆಗುತ್ತಾ?"

"ಆ ರೋಗದಲ್ಲಿ ಕಾವಲಿನವೇ ತಿರುಗಿ ಬಿದ್ದು ಕೀಲು ತಿಂತವೆ. ಇದೇ ಬ್ರೇಕಿಂದ ಮಾಡಿದ ಔಷಧಿ ಆಸ್ಪತ್ರೆಗಳಲ್ಲಿ ಇದೆ, ನಿಜ. ಆದ್ರೆ ಅದೇ ಬೇರೆ, ಇದೇ ಬೇರೆ. ನಮ್ಮದರ ಮೇಲೆ ಸಂಶೋಧನೆಗೆ ಮಾತ್ರ, ಮನುಷ್ಯರಿಗೆ ಬಳಸಬಾರದು ಅಂತ ದಪ್ಪಕ್ಷರದಲ್ಲಿ ಬರೆದಿದೆ. ವೇಣು ಅರ್ಧಂಬರ್ಧ ತಿಳ್ಕೊಂಡು ತಾಯಿಗೆ ಚುಚ್ಚಿದ್ರೆ ನಾನೇನು ಮಾಡ್ಲಿ?"

"ಇದನ್ನ ಯಾವುದ್ರಲ್ಲಿ ಬೆಳೆಸ್ತೀರಾ?"

"ಮನುಷ್ಯನ ಜೀವಕೋಶದಲ್ಲಿ. ಲೇಬಲ್ ಮೇಲೇ ಇದೆಯಲ್ಲ."

ಮಾತು ಸರಾಗವಾಗಿತ್ತು. ಆದ್ರೆ ಅವನು ಬಾಗಿಲು ತೆಗೆದಾಗಲೇ ನನ್ನ ಮೂಗಿಗೆ ಒಂದು ವಾಸನೆ ಬಡಿದಿತ್ತು. ಬಾಡಿದ ಹಿಪ್ಪುನೇರಳೆ ಸೊಪ್ಪು, ಹಿಕ್ಕೆ, ಸುಣ್ಣ. ನಮ್ಮವ್ವ ಹುಳ ಮೇಯಿಸಿಯೇ ನನ್ನ ಓದಿಸಿದ್ದು. ಹುಳುಮನೆ ವಾಸನೆಯನ್ನ ನನ್ನ ಮೂಗು ನಿದ್ದೆಯಲ್ಲೂ ಗುರುತು ಹಿಡಿಯುತ್ತೆ.

"ಹಿಂದೆ ಏನಿದೆ?"

"ಗೋಡೌನು. ಹಳೇ ಸಾಮಾನು."

"ನೋಡಣ ಬನ್ನಿ."

"ಅಲ್ಲೇನೂ ಇಲ್ಲ ಮೇಡಂ..."

ಆಗಲೇ ಎದ್ದು ಹೊರಟಿದ್ದೆ. ಗೋಡೆಗೊಂದು ಸಣ್ಣ ಬಾಗಿಲು, ಅದರಾಚೆ ಶೀಟು ಹೊದಿಸಿದ ಉದ್ದನೆಯ ಶೆಡ್ಡು. ಕಿಟಕಿಗಳಿಗೆಲ್ಲ ರೇಷ್ಮೆ ಹುಳ ಕೊಲ್ಲೋ ಊಜಿ ನೊಣ ಹೋಗದಂಥ ಸಣ್ಣ ಬಲೆ. ಗೋಡೌನಿಗೆ ಯಾವನಯ್ಯ ಊಜಿ ಬಲೆ ಹಾಕ್ತಾನೆ? ರಸ್ತೆ ಧೂಳು ಮೆತ್ತಿದ ಚಪ್ಪಲಿಯಲ್ಲೇ ಬೇಕೂ ಅಂತ ದಪ್ಪ ದಪ್ಪ ಹೆಜ್ಜೆ ಹಾಕಿಕೊಂಡು ಹೋಗಿ ಬಾಗಿಲು ತಳ್ಳಿ ಒಂದು ಕಾಲು ಎತ್ತಿದೆ.

"ಅಯ್ಯಯ್ಯೋ, ಚಪ್ಪಲಿ ಬಿಡ್ರೀ! ಕಾಲು ಅದ್ದಿ ಒಳಗೆ ಬನ್ರೀ!"

ಮೋಹನ್‌ಬಾಬು ಕಿರುಚಿದ್ದು. ಕಿರುಚಿದ ಮೇಲೆ ತಾನೇ ಬೆಚ್ಚಿಬಿದ್ದ.

ನಾನು ತಿರುಗಿ ನೋಡಿ ನಕ್ಕೆ. ನಗೋ ಹೊತ್ತಲ್ಲ ಅದು, ಆದ್ರೂ ನಗು ಬಂತು. ಯಾವ ದೇಶಕ್ಕೆ ಹೋಗಿ ಏನು ಓದ್ಕೊಂಡು ಬಂದ್ರೂ ಹುಳುಮನೆಯಲ್ಲಿ ಬೆಳೆದವನಿಗೆ ಇದೊಂದು ಸಹಿಸೋಕಾಗಲ್ಲ. ಹೊರಗಿನ ಚಪ್ಪಲಿ ಒಳಗೆ ಬಂದ್ರೆ ಬೆಳೆಯೆಲ್ಲ ಹಾಳು ಅಂತ ಹುಟ್ಟಿದಾಗಿನಿಂದ ತಲೆಗೆ ಹೊಡೆದು ಕಲಿಸಿರ್ತಾರೆ. ನಮ್ಮಪ್ಪ ಊರ ಗೌಡರನ್ನೇ ಹೀಗೆ ಬಾಗಿಲಲ್ಲಿ ನಿಲ್ಲಿಸಿ ಬೈದಿದ್ದು ನೆನಪಿದೆ.

"ಹಳೇ ಸಾಮಾನಿಗೆ ಕಾಲು ಅದ್ದಬೇಕೇನಪ್ಪಾ?" ಅಂದೆ.

ಅವನು ಬಾಗಿಲ ಪಕ್ಕಕ್ಕೆ ಸರಿದು ನಿಂತ.

ಹೊಸ್ತಿಲ ಮುಂದೆ ಎರಡು ಅಗಲದ ತಟ್ಟೆ ಇದ್ದವು. ಒಂದರಲ್ಲಿ ನೀಲಿ ಬಣ್ಣದ ಔಷಧಿ ನೀರು, ಇನ್ನೊಂದರಲ್ಲಿ ಸುಣ್ಣದ ಪುಡಿ. ನೀಲಿ ನೀರಲ್ಲಿ ನೆಂದ ಕಾಲು ಸುಣ್ಣಕ್ಕೆ ಇಟ್ಟೂ ಇಟ್ಟೂ ಸುಣ್ಣವೆಲ್ಲ ತಿಳಿನೀಲಿ ಆಗಿತ್ತು. ನಮ್ಮ ಕಡೆ ಯಾವ ಹುಳುಮನೆಯಲ್ಲೂ ನಾನು ಇಂಥ ಸುಣ್ಣ ಕಂಡಿಲ್ಲ. ಎಲ್ಲ ಕಡೆ ಬಿಳೀ ಸುಣ್ಣ, ಬ್ಲೀಚಿಂಗ್ ಪುಡಿ, ಅಷ್ಟೇ.

"ನೀಲಿ ನೀರು ಎಲ್ಲಿಂದ ಬಂತು?"

"ಲ್ಯಾಬಿನ ಔಷಧಿ. ಹೊರಗೆಲ್ಲೂ ಸಿಗಲ್ಲ" ಅಂದ. ಧ್ವನಿ ಇಳಿದಿತ್ತು.

ಚಪ್ಪಲಿ ಬಿಟ್ಟು ಎರಡರಲ್ಲೂ ಕಾಲದ್ದಿ ಒಳಗೆ ಹೋದೆ. ಹುಳ ಏನು ಪಾಪ ಮಾಡಿತ್ತು? ಆಣಿ ಚುರುಚುರು ಅಂತು.

ಒಳಗೆ ತಟ್ಟೆ ಮೇಲೆ ತಟ್ಟೆ, ಸಾಲು ಸಾಲು. ಬೆರಳಿನಷ್ಟು ದಪ್ಪಗೆ ಬೆಳೆದ ಹುಳಗಳು. ಗೂಡು ಕಟ್ಟೋಕೆ ತಯಾರಾಗಿರಬೇಕಿದ್ದ ಹುಳಗಳು ಅವು. ಆದ್ರೆ ಒಂದೂ ಸೊಪ್ಪು ಮುಟ್ಟಿರಲಿಲ್ಲ. ಮೈ ಊದಿ, ಚರ್ಮ ಬಿಗಿದು, ಹಳದಿ ಬಿಳಿ ಬಣ್ಣಕ್ಕೆ ತಿರುಗಿದ್ದವು. ಕೆಲವು ಒಡೆದು ಹಾಲು ಸುರಿದಿತ್ತು.

"ಹಾಲುತೊಂಡೆ" ಅಂದೆ. ಈ ರೋಗ ಬಿದ್ದ ವರ್ಷ ನಮ್ಮವ್ವ ತಟ್ಟೆಗಟ್ಟಲೆ ಹುಳ ಗುಂಡಿಗೆ ಸುರಿದು ಎದೆ ಬಡ್ಕೊಂಡು ಅತ್ತಿದ್ದಳು.

"ಬಂದಿದ್ದಲ್ಲ" ಅಂದ ಮೋಹನ್‌ಬಾಬು. "ನಾವೇ ಬರ್ಸಿದ್ದು. ಆ ರೋಗದ ವೈರಸ್ ಒಳಗೆ ಮನುಷ್ಯನ ಜೀನ್ ಸೇರಿಸಿ ಪ್ರತಿ ಹುಳಕ್ಕೂ ಸೂಜಿ ಹಾಕ್ತೀವಿ. ವೈರಸ್ ಬೆಳೆದಂಗೆ ಹುಳದ ರಕ್ತದಲ್ಲಿ ಈ ಪ್ರೋಟೀನೂ ಬೆಳೆಯುತ್ತೆ. ಕಾಲು ಕತ್ತರಿಸಿ ರಕ್ತ ಇಳಿಸ್ಕೊಂಡು, ಅದನ್ನ ಸೋಸ್ತೀವಿ. ಇದೇನು ಕಳ್ಳ ವಿದ್ಯೆ ಅಲ್ಲ. ಎಷ್ಟೋ ದೇಶದಲ್ಲಿ ಮಾಡ್ತಾರೆ."

"ಕಳ್ಳ ವಿದ್ಯೆ ಅಲ್ದಿದ್ರೆ ಮನುಷ್ಯನ ಜೀವಕೋಶ ಅಂತ ಯಾಕೆ ಬರ್ದೆ?"

"ಹುಳದ್ದು ಅಂದ್ರೆ ನಮ್ಮ ಗಿರಾಕಿಗಳು ಬೇಡ ಅಂತಾರೆ."

"ಸೋಸಿದ್ಮೇಲೂ ಹುಳದ್ದು ಉಳಿದಿರುತ್ತೆ ತಾನೇ?"

"ಒಂಚೂರು. ಲ್ಯಾಬಿನ ಕೆಲ್ಸಕ್ಕೆ ಅದು ಲೆಕ್ಕಕ್ಕೇ ಬರಲ್ಲ ಮೇಡಂ."

"ಹುಳದ ಧೂಳಿಗೇ ಎದೆ ಕಟ್ತಿದ್ದ ಹೆಂಗಸಿನ ತೋಳಿಗೆ ಹುಳದ ರಕ್ತ ಹೋಗಿದೆ ಕಣೋ!" ಕೂಗಿದೆ. ತಡ್ಕೊಳ್ಳೋಕೆ ಆಗಲಿಲ್ಲ. "ನೀನು ಇದ್ದದ್ದನ್ನ ಇದ್ದಂಗೆ ಬರ್ದಿದ್ರೆ ಆ ಹುಡುಗ ಆ ಸೀಸೆ ಮನೆ ಹತ್ರಕ್ಕೂ ತರ್ತಿರ್ಲಿಲ್ಲ. ಅವಳು ಬದುಕಿರ್ತಿದ್ಲು."

ಅವನೂ ತಿರುಗಿಬಿದ್ದ. "ಮನುಷ್ಯರಿಗೆ ಚುಚ್ಚಿ ಅಂತ ನಾನು ಹೇಳಿದ್ನಾ? ನಾನು ಕದ್ದು ಕೊಟ್ನಾ? ಲೇಬಲ್ ತಪ್ಪು, ಒಪ್ಕೋತೀನಿ. ಕೊಲೆ ನನ್ನ ತಲೆಗೆ ಕಟ್ಟಬೇಡಿ."

ಸಿಟ್ಟು ನುಂಗಿಕೊಂಡು ಕೇಳಿದೆ. "ವೇಣುಗೆ ಇದು ಗೊತ್ತಿತ್ತಾ?"

"ಇಲ್ಲ. ಮುಂದಿನ ಕಟ್ಟಡದವರು ಯಾರೂ ಈ ಬಾಗಿಲು ದಾಟಲ್ಲ. ಸೋಸಿದ್ದನ್ನ ನಾನೇ ತಗೊಂಡೋಗಿ ಕೊಡ್ತೀನಿ. ಅವ್ನು ಪುಡಿ ಮಾಡಿ ಸೀಸೆಗೆ ತುಂಬ್ತಾನೆ. ಮನುಷ್ಯನ ಜೀವಕೋಶದ್ದು ಅಂತಲೇ ಅವನೂ ನಂಬಿದ್ದ. ಬೇಕಾದ್ರೆ ಕೋರ್ಟಲ್ಲಿ ಹೇಳ್ತೀನಿ."

"ಇಲ್ಲಿ ಹುಳ ನೋಡ್ಕೊಳ್ಳೋರು?"

"ಹೆಣ್ಣಾಳುಗಳು. ಮೇಸ್ತ್ರಿ ಹಿಂದಿನ ಗೇಟಿಂದ ಕರ್ಕೊಂಡು ಬರ್ತಾನೆ. ನಂಗೆ ಹೆಸರೆಲ್ಲ ಗೊತ್ತಿಲ್ಲ. ಎಲ್ಲಿ ಕೆಲ್ಸ ಅಂತ ಹೊರಗೆ ಹೇಳಬಾರದು ಅಂತ ಮಾತು. ನೋಡಿ, ಸೂಜಿ ಹಾಕೋಳು ನಿನ್ನೆ ಮಧ್ಯಾಹ್ನ 'ಈಗ ಬಂದೆ' ಅಂತ ಹೋದೋಳು ಇವತ್ತೂ ಬಂದಿಲ್ಲ. ಸೂಜಿ ಹಾಕಬೇಕಾದ ಹೊಸ ತಟ್ಟೆಗಳೆಲ್ಲ ಆ ಕಡೆ ಹಂಗೇ ನಿಂತವೆ. ಎಂಥಾ ಕೈ ಅಂತೀರಿ! ಒಂದು ಹುಳಾನೂ ಸಾಯ್ಸಲ್ಲ."

ಅವನ ತಟ್ಟೆಗಳ ಗೋಳು ಕಟ್ಕೊಂಡು ನನಗೇನು? ನನಗೆ ಬೇಕಿದ್ದದ್ದು ಸಿಕ್ಕಿತ್ತು. ನಲ್ಲಪ್ಪನನ್ನ ಶೆಡ್ಡಿಗೆ ಕಾವಲಿಟ್ಟು, ಮೇಸ್ತ್ರಿ ಯಾರು ಅಂತ ವಿಚಾರಿಸು ಅಂತ ಹೇಳಿ, ಅಲ್ಲೇ ನಿಂತು ಸಾಹೇಬರಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು ಅವರು ಉದ್ದಕ್ಕೆ ಉಸಿರುಬಿಟ್ಟರು.

"ಅಂದ್ರೆ ಹುಡುಗನಿಗೆ ಗೊತ್ತಿರ್ಲಿಲ್ಲ."

"ಗೊತ್ತಿರೋಕೆ ದಾರಿನೇ ಇರ್ಲಿಲ್ಲ ಸಾರ್."

"ಹಂಗಾದ್ರೆ ಕೊಲೆ ಅಂತ ಬರೀಬೇಡಿ. ನಿಮ್ಮ ಮಾತೇ ಇರ್ಲಿ. ಗೊತ್ತಿದ್ದು ಚುಚ್ಚಿದ್ರೆ ಮಾತ್ರ ಕೊಲೆ."

ಜೀಪನ್ನ ನಾನೇ ಓಡಿಸಿಕೊಂಡು ಬಂದೆ. ಚಪ್ಪಲಿಯೊಳಗೆ ಪಾದ ಉರೀತಿತ್ತು. ನೀಲಿ ಸುಣ್ಣ ಮೆತ್ತಿದ ಕಾಲನ್ನ ಹಾಗೇ ತೂರಿಸಿದ್ದೆನಲ್ಲ, ಒಳಗೆಲ್ಲ ಪಿಚಪಿಚ. ಆದ್ರೂ ಮನಸ್ಸು ಹಗುರವಾಗಿತ್ತು. ಆ ಹುಡುಗಿಯ ಪ್ರಶ್ನೆಗೆ ಕೊನೆಗೂ ಒಂದು ಉತ್ತರ ಸಿಕ್ಕಿತ್ತು. ನಿಮ್ಮಣ್ಣ ಕೊಂದಿಲ್ಲ ಕಣಮ್ಮಾ ಅಂತ ಅವಳ ಮುಖ ನೋಡಿಕೊಂಡು ಹೇಳಬೇಕು ಅನ್ನಿಸಿತ್ತು.

*

ಸ್ಟೇಷನ್ನಿಗೆ ಬಂದಾಗ ಬಿಸಿಲು ಇಳೀತಿತ್ತು. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಹೋದೆ. ನಮ್ಮದು ಸಣ್ಣ ಸ್ಟೇಷನ್ನು. ಬಾಗಿಲಿಂದ ನೇರ ನೋಡಿದ್ರೆ ಲಾಕಪ್ಪಿನ ಕಂಬಿ.

ವೇಣು ಮಂಡಿ ತಬ್ಬಿಕೊಂಡು ಕೂತಿದ್ದ. ನೀರು ಕೊಟ್ಟೆ. ಲೋಟ ಹಿಡಿದ ಕೈ ನಡುಗಿ ಅರ್ಧ ನೀರು ಷರ್ಟಿನ ಮೇಲೇ ಚೆಲ್ಲಿತು. ಆ ಕೈ ನೋಡಿ, ಚುಚ್ಚಿದ್ದು ಪಳಗಿದ ಕೈ ಅಂತ ಡಾಕ್ಟರ್ ಹರಿತಾ ಹೇಳಿದ್ದು ನೆನಪಾಯಿತು. ಚುಚ್ಚಿದ್ದು ನಾನಲ್ಲ ಅಂತ ಇವನು ಹೇಳ್ತಿರೋದು ನಿಜವೇ ಇರಬೇಕು. ಹಾಗಾದ್ರೆ ಚುಚ್ಚಿದ್ದು ಯಾರು ಅನ್ನೋದನ್ನ ಆಮೇಲೆ ನೋಡಿದ್ರಾಯ್ತು.

"ಕೇಳಪ್ಪಾ ಇಲ್ಲಿ" ಅಂದೆ. "ನಿಮ್ಮಮ್ಮ ಸತ್ತಿದ್ದು ಯಾಕೆ ಅಂತ ಗೊತ್ತಾಯ್ತು. ನೀನು ತಂದ ಸೀಸೆಯಲ್ಲಿದ್ದದ್ದು ಮನುಷ್ಯನ ಜೀವಕೋಶದಲ್ಲಿ ಬೆಳೆಸಿದ್ದಲ್ಲ. ರೇಷ್ಮೆ ಹುಳದಲ್ಲಿ ಬೆಳೆಸಿದ್ದು. ಹಿಂದಿನ ಶೆಡ್ಡಲ್ಲಿ ಹುಳಕ್ಕೆ ಸೂಜಿ ಹಾಕಿ ಮಾಡ್ತಾರೆ. ನಿಮ್ಮ ಬಾಬು ಸುಳ್ಳು ಲೇಬಲ್ ಹಚ್ಚಿದ್ದ."

ಅವನು ಸಮಾಧಾನ ಪಡ್ತಾನೆ ಅಂದ್ಕೊಂಡಿದ್ದೆ. ಮುಖದಲ್ಲಿದ್ದ ರಕ್ತವೆಲ್ಲ ಇಳಿದುಹೋಯಿತು.

"ಹಿಂದಿನ ಶೆಡ್ಡಲ್ಲಾ ಮೇಡಂ?"

"ಹೂಂ."

"ಅಲ್ಲಿ ಬಾಟ್ಲಿ ತೊಳೀತಾರೆ ಅಲ್ವಾ? ಬಾಟ್ಲಿ ತೊಳೆಯೋ ಕೆಲ್ಸ ಅಂತ..." ಅಂದವನು ಅಲ್ಲಿಗೇ ನಿಲ್ಲಿಸಿ ಗೋಡೆ ಕಡೆ ತಿರುಗಿದ. ಬೆನ್ನು ಅದುರುತ್ತಿತ್ತು. ತಾಯಿಯನ್ನ ನೆನೆಸಿಕೊಂಡು ಅಳ್ತಿದಾನೆ ಪಾಪ ಅಂದ್ಕೊಂಡೆ.

"ಕೊಲೆ ಕೇಸು ಇಲ್ಲ ಕಣೋ. ಕಳ್ಳತನ ಮಾತ್ರ. ಅದಕ್ಕೆ ಬೇಲು ಸಿಗುತ್ತೆ. ಧೈರ್ಯ ತಂದ್ಕೊ" ಅಂದೆ. ಅವನು ತಿರುಗಲಿಲ್ಲ.

ಹಿತ್ತಲ ನಲ್ಲಿಗೆ ಹೋಗಿ ಕಾಲು ತೊಳೆದೆ. ಎಷ್ಟು ತಿಕ್ಕಿದ್ರೂ ಉಗುರಿನ ಸಂದಿಯ ನೀಲಿ ಹೋಗಲಿಲ್ಲ. ಸಾಕಾಗಿ ಒರೆಸಿಕೊಂಡು ಬರುವಷ್ಟರಲ್ಲಿ ಕಲ್ಯಾಣಿ ಬಂದಿದ್ದಳು. ಲಾಕಪ್ಪಿನ ಮುಂದೆ ಕೂತು ಕಂಬಿಯ ಸಂದಿಯಿಂದ ಅನ್ನದ ಡಬ್ಬಿ ತೂರಿಸ್ತಿದ್ದಳು.

"ಮೇಡಂ, ಏನಾಯ್ತು? ಅಣ್ಣ..."

"ಒಳ್ಳೇದೇ ಆಗಿದೆ, ಇರು ಬಂದೆ" ಅಂತ ಚಪ್ಪಲಿ ತರೋಕೆ ಹೊಸ್ತಿಲಿಗೆ ಹೋದೆ. ಒಣಗಲಿ ಅಂತ ಬಿಸಿಲಿಗೆ ಇಡೋಣ ಅಂತ.

ಅಲ್ಲಿ ಎರಡು ಜೊತೆ ಚಪ್ಪಲಿ ಇದ್ದವು. ನನ್ನ ರಬ್ಬರ್ ಚಪ್ಪಲಿ, ಅದರ ಪಕ್ಕದಲ್ಲಿ ಹುಡುಗಿಯರು ಹಾಕೋ ತೆಳ್ಳನೆಯ ರೆಕ್ಸಿನ್ ಚಪ್ಪಲಿ. ಸ್ಟೇಷನ್ನಿಗೆ ಬರೋ ವಯಸ್ಸಾದವರು ಎಷ್ಟೋ ಜನ ಚಪ್ಪಲಿ ಹೊರಗೇ ಬಿಡ್ತಾರೆ. ಈ ಕಾಲದ ಹುಡುಗಿಯರು ಬಿಡಲ್ಲ. ಬಾಗಿಲು ಕಂಡರೆ ಬಿಟ್ಟೇ ಒಳಗೆ ಹೋಗೋ ಅಭ್ಯಾಸ ಇದ್ದವರು ಮಾತ್ರ ಬಿಡ್ತಾರೆ.

ಎರಡರ ಒಳಗೂ ತಿಳಿನೀಲಿ ಹೆಜ್ಜೆ ಗುರುತು.

ಮೊದಲು ನನ್ನದರ ಬಣ್ಣವೇ ತಾಗಿರಬೇಕು ಅಂದ್ಕೊಂಡು ಬಗ್ಗಿ ಕೈಗೆತ್ತಿಕೊಂಡೆ. ನನ್ನದರಲ್ಲಿ ನೀಲಿ ಇನ್ನೂ ಹಸಿ ಇತ್ತು, ಒರೆಸಿದ್ರೆ ಬರ್ತಿತ್ತು. ಅವಳದ್ದರಲ್ಲಿ ಹಿಮ್ಮಡಿ, ಐದೂ ಬೆರಳು ಅಚ್ಚೊತ್ತಿದಂಗೆ ಪದರ ಪದರವಾಗಿ ಒಣಗಿ ಕೂತಿತ್ತು. ತಿಂಗಳುಗಟ್ಟಲೆ ಆ ತಟ್ಟೆಗಳಲ್ಲಿ ಕಾಲದ್ದಿ, ಒದ್ದೆ ಕಾಲನ್ನೇ ತೂರಿಸಿಕೊಂಡು ಮನೆಗೆ ಹೋದ ಕಾಲಿನ ಗುರುತು ಅದು.

ಹೊರಗೆಲ್ಲೂ ಸಿಗಲ್ಲ ಅಂದಿದ್ದ ಮೋಹನ್‌ಬಾಬು.

ಸಾಯಂಕಾಲ, ಮಕ್ಕಳು ಬರೋ ಹೊತ್ಗೆ ಎದೆ ಸುಯ್ ಅಂತಿತ್ತಂತೆ. ಬಂದ ತಕ್ಷಣ ಸ್ನಾನ ಮಾಡ್ತಿದ್ದಳಂತೆ. ಗಾರ್ಮೆಂಟ್ಸಿನವರು ಇನ್ನೂ ಫೋನ್ ಎತ್ತಿರಲಿಲ್ಲ. ಒಂದು ಹುಳವನ್ನೂ ಸಾಯಿಸದಂಥ ಕೈ ನಿನ್ನೆ ಮಧ್ಯಾಹ್ನ ಈಗ ಬಂದೆ ಅಂತ ಶೆಡ್ಡಿಂದ ಹೊರಟಿತ್ತು. ಬಾಟ್ಲಿ ತೊಳೆಯೋ ಕೆಲ್ಸ ಅಂತ ವೇಣು ಅರ್ಧಕ್ಕೇ ನಿಲ್ಲಿಸಿದ್ದು, ತಂಗಿ ಅವನಿಗೆ ಹೇಳಿದ್ದ ಮಾತು.

ಹುಳಕ್ಕೆ ಸೂಜಿ ಹಾಕಿದವಳಿಗೆ ಆ ಸೀಸೆಯಲ್ಲಿ ಏನಿದೆ ಅಂತ ಗೊತ್ತಿರಲಿಲ್ಲ ಅಂತ ಯಾವ ಬಾಯಲ್ಲಿ ಹೇಳಲಿ? ಅಮ್ಮನಿಗೆ ಹುಳ ಅಂದ್ರೆ ವಿಷ ಅಂತ ಓಣಿಗೆಲ್ಲ ಗೊತ್ತಿತ್ತು. ಗೊತ್ತಿದ್ದು ಚುಚ್ಚಿದ್ರೆ ಕೊಲೆ. ಅಣ್ಣನನ್ನ ಬಿಡಿಸೋಕೆ ಅಂತ ಬೆಳಿಗ್ಗೆಯಿಂದ ನಾನೇ ಹಿಡಿದು ಕೂತಿದ್ದ ಮಾತು. ಸಾಹೇಬರಿಂದ ಹೂಂ ಅನ್ನಿಸಿದ್ದೂ ನಾನೇ.

ಚಪ್ಪಲಿ ಕೈಯಲ್ಲಿ ಹಿಡ್ಕೊಂಡೇ ಒಳಗೆ ತಿರುಗಿದೆ.

ಕಲ್ಯಾಣಿ ನನಗೆ ಬೆನ್ನು ಮಾಡಿ ಕೂತು ಅಣ್ಣನಿಗೆ ಅನ್ನ ಕಲಸ್ತಿದ್ದಳು. ವೇಣು ಅವಳ ಹೆಗಲ ಮೇಲಿಂದ ನನ್ನನ್ನೇ ನೋಡ್ತಿದ್ದ. ಮೊದಲು ನನ್ನ ಮುಖ ನೋಡಿದ. ಆಮೇಲೆ ನನ್ನ ಕೈಯಲ್ಲಿದ್ದ ಚಪ್ಪಲಿ ನೋಡಿದ. ಆಮೇಲೆ ತಂಗಿಯ ತಲೆ ಮೇಲೆ ಕಂಬಿಯ ಸಂದಿಯಿಂದ ಕೈ ಇಟ್ಟ. ಆಗ ಆ ಕೈ ನಡುಗ್ತಿರಲಿಲ್ಲ.

"ಮೇಡಂ" ಅಂದ. ಮಾತು ಸ್ಪಷ್ಟವಾಗಿತ್ತು. "ಬೆಳಿಗ್ಗೆಯಿಂದ ಸುಳ್ಳು ಹೇಳ್ದೆ. ಚುಚ್ಚಿದ್ದು ನಾನೇ. ಅದು ಹುಳದ್ದು ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೇ ಚುಚ್ಚಿದ್ದು. ಬರ್ಕೊಳ್ಳಿ."

ನಾನು ಕಲ್ಯಾಣಿಯ ಕಡೆ ನೋಡಿದೆ.

ಅಣ್ಣ ಅಮ್ಮನ್ನ ಕೊಂದ್ನೋ ಇಲ್ವೋ ಅಂತ ಬೆಳಿಗ್ಗೆಯಿಂದ ನನ್ನ ಬೆನ್ನು ಬಿಡದೆ ಕೇಳಿದ್ದ ಹುಡುಗಿ ತಲೆ ಎತ್ತಲಿಲ್ಲ, ಯಾಕಣ್ಣಾ ಅಂತ ಕೂಡ ಕೇಳಲಿಲ್ಲ. ಕಲಸಿದ ಅನ್ನದ ತುತ್ತನ್ನ ಕಂಬಿಯ ಸಂದಿಯಿಂದ ಅವನ ಬಾಯಿಗೆ ಹಿಡಿದಳು.